ಈ ಹೊತ್ತಿನ ಮನ್ನಾ

ನನ್ನ ಸತ್ಯವೇದದ ಕೊನೆಯ ಪುಟಗಳ ನಡುವೆ ನಾಲ್ಕಾಗಿ ಮಡಚಿಟ್ಟ ಒಂದು ಹಾಳೆ ಇದೆ. ಇಡೀ ಸತ್ಯವೇದವನ್ನು ಒಂದು ವರ್ಷದಲ್ಲಿ ಓದಿ ಮುಗಿಸಬೇಕೆಂದು ಹಲವು ವರ್ಷಗಳ ಹಿಂದೆ ನಾನೇ ಗೆರೆ ಎಳೆದು ತಯಾರಿಸಿದ ಪಟ್ಟಿ ಅದು. 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿರುವುದರಿಂದ ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ ಓದುತ್ತ ಹೋದರೆ ಡಿಸೆಂಬರ್ 31ರ ಹೊತ್ತಿಗೆ ಪ್ರಕಟನೆಯ ಕೊನೆಯ ವಚನವನ್ನು ಮುಟ್ಟಬಹುದೆಂಬುದು ನನ್ನ ಲೆಕ್ಕವಾಗಿತ್ತು. ಆದಿಕಾಂಡದ 50 ಚೌಕಗಳೂ ವಿಮೋಚನಕಾಂಡದ 40 ಚೌಕಗಳೂ ನೀಲಿ ಶಾಯಿಯ ಗುರುತುಗಳಿಂದ ತುಂಬಿವೆ. ಯಾಜಕಕಾಂಡದಲ್ಲಿ ಹನ್ನೆರಡರ ವರೆಗೆ ಗುರುತುಗಳಿವೆ. ಹದಿಮೂರನೆಯ ಅಧ್ಯಾಯದ ಚೌಕ ಖಾಲಿ. ಚರ್ಮರೋಗಗಳನ್ನು ಯಾಜಕನು ಪರೀಕ್ಷಿಸಬೇಕಾದ ಕ್ರಮವನ್ನು 59 ವಚನಗಳಲ್ಲಿ ವಿವರಿಸುವ ಅಧ್ಯಾಯ ಅದು. ಫೆಬ್ರವರಿಯ ಮೊದಲ ವಾರದಲ್ಲಿ ನನ್ನ ಉತ್ಸಾಹ ಅಲ್ಲಿಗೆ ಬಂದು ನಿಂತಿತು.

ನಿಂತದ್ದಕ್ಕೆ ಚರ್ಮರೋಗದ ವಿವರಗಳನ್ನು ದೂರುವುದು ನ್ಯಾಯವಲ್ಲ. ನಿಜವಾಗಿ ನಡೆದದ್ದು ಬೇರೆ. ಒಂದು ದಿನ ಓದಲಾಗಲಿಲ್ಲ. ಮರುದಿನ ಏಳು ಅಧ್ಯಾಯಗಳು ಬಾಕಿಯಾದವು. ಅಂದು ರಾತ್ರಿ ನಾಲ್ಕನ್ನು ಓದಿ, ಮೂರನ್ನು ಮುಂದಕ್ಕೆ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಆ ಬಾಕಿಯು ಸಾಲದ ಬಡ್ಡಿಯಂತೆ ಬೆಳೆದು, ಸತ್ಯವೇದವನ್ನು ಕಂಡರೆ ಸಾಲ ಕೊಟ್ಟವನ ಮನೆಯ ಮುಂದೆ ಹಾದುಹೋಗುವವನಂತೆ ತಲೆ ತಗ್ಗಿಸಿ ನಡೆಯುವ ಸ್ಥಿತಿ ಬಂದಿತು. ಕಡೆಗೆ ಅದನ್ನು ಕಪಾಟಿನ ಮೇಲಿನ ಅಂತಸ್ತಿಗೆ ಏರಿಸಿದೆ, ಅದೂ ಭಕ್ತಿಯಿಂದ ಏರಿಸಿದವನ ಹಾಗೆ. ಪ್ರಾರ್ಥನೆಯೂ ಅದರ ಹಿಂದೆಯೇ ಹೋಯಿತು. ಭಾನುವಾರ ಆರಾಧನೆಗೆ ತಪ್ಪದೆ ಹೋಗುತ್ತಿದ್ದೆ, ಸಭೆಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ದಿನದ ಭಕ್ತಿ ಸತ್ತದ್ದು ಹೊರಗಿನವರಿಗೆ ಬಹಳ ಕಾಲ ಕಾಣಿಸುವುದಿಲ್ಲ ಎಂಬುದನ್ನು ನಾನು ಆಗ ಅರಿತೆ.

ಅದಕ್ಕೆ ಮೊದಲು ನಾನು ಓದಿ ಗುರುತು ಹಾಕಿದ್ದ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಿಯೇ ನನ್ನ ರೋಗದ ವಿವರಣೆ ಇತ್ತು. ಆದರೆ ನಾನು ಅದನ್ನು ಚೌಕ ತುಂಬುವುದಕ್ಕಾಗಿ ಓದಿದ್ದೆನಾದ್ದರಿಂದ ಕಂಡಿರಲಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನಾ ಎಂಬ ಆಹಾರ ಸುರಿದಾಗ ಪ್ರತಿಯೊಬ್ಬನಿಗೆ ಒಂದು ಓಮೆರ್ ಅಳತೆಯಂತೆ ಆಯಾ ದಿನದ್ದನ್ನು ಮಾತ್ರ ಕೂಡಿಸಿಕೊಳ್ಳಬೇಕೆಂಬ ಅಪ್ಪಣೆಯಾಯಿತು. ಕೆಲವರು ಮೋಶೆಯ ಮಾತನ್ನು ಕೇಳದೆ ಮರುದಿನಕ್ಕೆಂದು ಉಳಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಹುಳು ಬಿದ್ದು ನಾತ ಹೊಡೆಯಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದಾಗಿತ್ತು, ಅದು ಕೆಡುತ್ತಿರಲಿಲ್ಲ. ನಾಳೆಗೆ ಕೂಡಿಡಬಾರದೆಂಬ ಪಾಠವನ್ನು ಈ ಅಧ್ಯಾಯದಿಂದ ಪ್ರಸಂಗಿಗಳು ಧಾರಾಳವಾಗಿ ಹೇಳುತ್ತಾರೆ. ಅದರ ಇನ್ನೊಂದು ಮುಖ ನನಗೆ ಹೊಳೆದದ್ದು ತಡವಾಗಿ: ನಿನ್ನೆ ಕೂಡಿಸದೆ ಬಿಟ್ಟದ್ದನ್ನು ಇಂದು ಸೇರಿಸಿ ಕೂಡಿಸಬೇಕೆಂದು ಮೋಶೆ ಯಾರಿಗೂ ಹೇಳಲಿಲ್ಲ. ಬಿಸಿಲೇರಿದಾಗ ಅದು ಕರಗಿಹೋಗುತ್ತಿತ್ತು, ಕರಗಿದ್ದು ಕರಗಿತು. ಮರುದಿನ ಮುಂಜಾನೆ ಪಾಳೆಯದ ಸುತ್ತಲೂ ಹೊಸ ಮನ್ನಾ ಬಿದ್ದಿರುತ್ತಿತ್ತು, ಹಿಂದಿನ ದಿನ ಮಲಗಿ ಎದ್ದವನಿಗೂ ಅದೇ ಒಂದು ಓಮೆರ್. ನಾನು ದೇವರ ಹೆಸರಿನಲ್ಲಿ ಬರೆದಿಟ್ಟುಕೊಂಡಿದ್ದ ಬಾಕಿಯ ಲೆಕ್ಕಕ್ಕೆ ಆತನ ಪುಸ್ತಕದಲ್ಲಿ ಒಂದು ಪುಟವೂ ಇರಲಿಲ್ಲ.

ಕರ್ತನ ಪ್ರಾರ್ಥನೆಯಲ್ಲಿ ನಾವು ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎನ್ನುವಾಗ ಮನಸ್ಸಿನಲ್ಲಿ ಇರಬೇಕಾದದ್ದು ಈ ಮುಂಜಾನೆಯೇ ಎಂದು ನನಗೆ ತೋರುತ್ತದೆ. ‘ಅನುದಿನದ’ ಎಂದು ನಾವು ಹೇಳುವ ಕಡೆ ಗ್ರೀಕ್ ಮೂಲದಲ್ಲಿ ‘ಎಪಿಯೂಸಿಯೊಸ್’ ಎಂಬ ವಿರಳವಾದ ಪದವಿದೆ. ಇದು ಜನರ ಬಳಕೆಯಲ್ಲಿಲ್ಲದ ಪದ, ಸುವಾರ್ತಿಕರೇ ಕಟ್ಟಿದ್ದಿರಬೇಕು ಎಂದು ಮೂರನೆಯ ಶತಮಾನದಲ್ಲಿಯೇ ಸಭೆಯ ಪಂಡಿತರಾದ ಒರಿಗೆನ್ ಬರೆದರು. ಜೆರೋಮರು ಸುವಾರ್ತೆಗಳನ್ನು ಲ್ಯಾಟಿನ್ನಿಗೆ ತರುವಾಗ ಲೂಕನಲ್ಲಿ ಅದನ್ನು ‘ದಿನನಿತ್ಯದ’ ಎಂದೂ ಮತ್ತಾಯನಲ್ಲಿ ‘ಸಾಮಾನ್ಯ ವಸ್ತುವಿಗೆ ಮೇಲಾದ’ ಎಂಬರ್ಥದ ಪದದಿಂದಲೂ ಅನುವಾದಿಸಿದರು. ಪಂಡಿತರ ಚರ್ಚೆ ಇನ್ನೂ ಮುಗಿದಿಲ್ಲ, ನನ್ನಂಥವನು ಅದನ್ನು ಮುಗಿಸಬೇಕಾಗಿಯೂ ಇಲ್ಲ. ‘ಈ ಹೊತ್ತು’ ಎಂಬ ಮಾತಿನಲ್ಲಿ ಯಾವ ಗೊಂದಲವೂ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ತನ್ನನ್ನು ಹಿಂಬಾಲಿಸುವವನು ಶಿಲುಬೆಯನ್ನು ಹೊತ್ತುಕೊಳ್ಳಬೇಕೆಂಬ ಯೇಸುವಿನ ಮಾತು ಮತ್ತಾಯ, ಮಾರ್ಕ, ಲೂಕ ಈ ಮೂರರಲ್ಲಿಯೂ ಬರುತ್ತದೆ, ಆದರೆ ಅದಕ್ಕೆ ‘ದಿನಾಲೂ’ ಎಂಬ ಪದವನ್ನು ಜೊತೆಗೂಡಿಸಿ ಬರೆದವನು ಲೂಕನೊಬ್ಬನೇ. ಒಮ್ಮೆ ಹೊತ್ತು ಮುಗಿಸಿಬಿಡುವ ಶಿಲುಬೆಯಾದರೆ ವೀರರಿಗೂ ಹೊರಬಹುದಾದದ್ದು. ದಿನವೂ ಹೊರುವುದೆಂದರೆ ಸಾಧಾರಣ ಜನರ ಮಾತಾಯಿತು.

ಭಕ್ತಿ ಎಂಬ ಪದವು ನಮ್ಮ ಕಿವಿಗೆ ಮೊದಲು ಕಣ್ಣೀರನ್ನೂ ತುಂಬಿಬಂದ ಎದೆಯನ್ನೂ ನೆನಪಿಸುತ್ತದೆ. ನಾನೂ ಹಾಗೆಯೇ ತಿಳಿದಿದ್ದೆ. ಯಾಂತ್ರಿಕವಾದ ಓದಿನಿಂದ ಬೇಸತ್ತ ಮೇಲೆ, ಆತ್ಮನು ಪ್ರೇರಿಸಿದಾಗ ಮಾತ್ರ ಪ್ರಾರ್ಥಿಸುವುದೇ ನಿಜವಾದ ಪ್ರಾರ್ಥನೆಯೆಂದು ನಂಬಿ ಎರಡು ಮೂರು ವರ್ಷ ಕಳೆದೆ. ಆ ವರ್ಷಗಳನ್ನು ಪ್ರಾಮಾಣಿಕವಾಗಿ ತಿರುಗಿ ನೋಡಿದರೆ, ನನ್ನ ಲೆಕ್ಕದಲ್ಲಿ ಆತ್ಮನು ನನ್ನನ್ನು ಪ್ರೇರಿಸಿದ್ದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ, ಕೆಲಸ ಹೋಗುವ ಭಯವಿದ್ದಾಗ ಮತ್ತು ಒಂದೆರಡು ಸಲ ಹಾಡು ಬಹಳ ಇಂಪಾಗಿದ್ದಾಗ. ಪ್ರೇರಣೆ ಎಂದು ನಾನು ಹೆಸರಿಟ್ಟದ್ದರಲ್ಲಿ ಬಹುಪಾಲು ಭಯವೇ ಆಗಿತ್ತು. ಭಯದಿಂದ ಮೊರೆಯಿಡುವುದು ತಪ್ಪಲ್ಲ, ಕೀರ್ತನೆಗಳಲ್ಲಿ ಅರ್ಧದಷ್ಟು ಅದೇ ಅಲ್ಲವೇ? ಆದರೆ ಕಷ್ಟ ಬಂದಾಗ ಮಾತ್ರ ಕದ ತಟ್ಟುವವನಿಗೆ ಆ ಮನೆಯವರ ಪರಿಚಯ ಹೆಚ್ಚೇನೂ ಆಗುವುದಿಲ್ಲ.

ದಾನಿಯೇಲನ ಪುಸ್ತಕದ ಆರನೆಯ ಅಧ್ಯಾಯದಲ್ಲಿ ನಮಗೆ ಸಿಂಹಗಳ ಗವಿಯೇ ಹೆಚ್ಚು ನೆನಪಿರುತ್ತದೆ. ಅದಕ್ಕಿಂತ ಮುಂಚಿನ ಹತ್ತನೆಯ ವಚನವನ್ನು ನಾನು ಈಗ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಮೂವತ್ತು ದಿನಗಳ ತನಕ ಅರಸನಿಗೇ ಹೊರತು ಬೇರೆ ಯಾರಿಗೂ ಬಿನ್ನಹ ಮಾಡಬಾರದೆಂಬ ಶಾಸನಕ್ಕೆ ರುಜುವಾದದ್ದು ತಿಳಿದ ಮೇಲೂ ದಾನಿಯೇಲನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಗಳಿದ್ದ ಮೇಲುಪ್ಪರಿಗೆಯಲ್ಲಿ, ಮೊದಲಿನಿಂದ ಮಾಡುತ್ತಿದ್ದ ಪ್ರಕಾರವೇ ದಿನಕ್ಕೆ ಮೂರು ಸಲ ಮೊಣಕಾಲೂರಿದನು. ‘ಮೊದಲಿನಿಂದ ಮಾಡುತ್ತಿದ್ದ ಪ್ರಕಾರವೇ’ ಎಂಬುದರಲ್ಲಿ ಎಲ್ಲವೂ ಅಡಗಿದೆ. ಅಂದಿಗಾಗಿ ಅವನು ಹೊಸದೊಂದು ಧೈರ್ಯವನ್ನು ಎಲ್ಲಿಂದಲೋ ತರಬೇಕಾಗಲಿಲ್ಲ. ಹತ್ತಾರು ವರ್ಷ ಬಗ್ಗಿದ ಮೊಣಕಾಲುಗಳು ಆ ದಿನವೂ ಬಗ್ಗಿದವು. ಅವನ ವೈರಿಗಳಿಗೆ ಅವನನ್ನು ಹಿಡಿಯುವುದು ಸುಲಭವಾದದ್ದು ಕೂಡ ಇದರಿಂದಲೇ. ನನ್ನ ಪ್ರಾರ್ಥನೆಯ ವೇಳೆಯನ್ನು ನಂಬಿ ಯಾರಾದರೂ ಬಲೆ ಒಡ್ಡಿದ್ದರೆ ಅವರು ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು.

ಯಾಜಕಕಾಂಡಕ್ಕೇ ಹಿಂದಿರುಗುತ್ತೇನೆ, ಏಕೆಂದರೆ ಅದರ ಆರನೆಯ ಅಧ್ಯಾಯಕ್ಕೂ ನನ್ನ ಪಟ್ಟಿಯಲ್ಲಿ ನೀಲಿ ಗುರುತು ಇದೆ, ಆದರೆ ಅದನ್ನು ಓದಿದ ನೆನಪೇ ನನಗಿರಲಿಲ್ಲ. ಯಜ್ಞವೇದಿಯ ಬೆಂಕಿ ಯಾವಾಗಲೂ ಉರಿಯುತ್ತಿರಬೇಕು, ಆರಿಹೋಗಬಾರದು ಎಂಬ ಆಜ್ಞೆ ಇರುವುದು ಅಲ್ಲಿ. ಆ ಮಾತನ್ನು ನಾವು ಕೂಟಗಳಲ್ಲಿ ಉತ್ಸಾಹದಿಂದ ಹಾಡುತ್ತೇವೆ, ಪ್ರಾರ್ಥಿಸುತ್ತೇವೆ. ಆದರೆ ಆ ಆಜ್ಞೆಯ ಹಿಂದೆಯೂ ಮುಂದೆಯೂ ಇರುವುದು ಬೂದಿ ಮತ್ತು ಸೌದೆ. ಯಾಜಕನು ಮುಂಜಾನೆ ನಾರುಬಟ್ಟೆಯನ್ನು ಉಟ್ಟು, ರಾತ್ರಿಯೆಲ್ಲ ಉರಿದು ಉಳಿದ ಬೂದಿಯನ್ನು ಎತ್ತಿ ವೇದಿಯ ಪಕ್ಕದಲ್ಲಿಡಬೇಕು. ಆಮೇಲೆ ಬಟ್ಟೆ ಬದಲಾಯಿಸಿ ಆ ಬೂದಿಯನ್ನು ಪಾಳೆಯದ ಹೊರಗೆ ಶುದ್ಧವಾದ ಸ್ಥಳಕ್ಕೆ ಹೊತ್ತುಕೊಂಡು ಹೋಗಬೇಕು. ಪ್ರತಿದಿನ ಬೆಳಿಗ್ಗೆ ಹೊಸ ಸೌದೆಯನ್ನು ಒಟ್ಟಬೇಕು. ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವಂತೆ ಬೆಂಕಿಯೇನೋ ಯೆಹೋವನ ಸನ್ನಿಧಿಯಿಂದಲೇ ಹೊರಟುಬಂದಿತು. ಅದನ್ನು ಹೊತ್ತಿಸಿದ ಕೀರ್ತಿ ಆರೋನನಿಗಾಗಲಿ ಅವನ ಮಕ್ಕಳಿಗಾಗಲಿ ಸಲ್ಲುವುದಿಲ್ಲ. ಹೊತ್ತಿಸುವುದು ಅವರ ಕೆಲಸವಾಗಿರಲಿಲ್ಲ, ಬೂದಿ ತೆಗೆಯುವುದು ಅವರ ಕೆಲಸವಾಗಿತ್ತು.

ಈ ಚಿತ್ರ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಎಷ್ಟೋ ವರ್ಷ ದೇವರ ಮುಂದೆ ಕುಳಿತು ಬೆಂಕಿಯನ್ನು ಹೊತ್ತಿಸಲು ಹೆಣಗಾಡಿದ್ದೆ, ಭಾವನೆಯನ್ನು ಊದಿ ಊದಿ ಎಬ್ಬಿಸಲು ನೋಡಿದ್ದೆ, ಏಳದಿದ್ದಾಗ ನನ್ನಲ್ಲಿ ಭಕ್ತಿಯೇ ಇಲ್ಲವೆಂದು ತೀರ್ಮಾನಿಸಿ ಎದ್ದುಹೋಗಿದ್ದೆ. ನನ್ನ ಪಾಲಿನ ಕೆಲಸ ಅದಕ್ಕಿಂತ ಚಿಕ್ಕದು ಮತ್ತು ಮಂಕಾದದ್ದು. ನಿನ್ನೆ ಆಡಿದ ಒರಟು ಮಾತು, ಹೇಳಿದ ಅರ್ಧಸತ್ಯ, ಹೊಟ್ಟೆಯಲ್ಲಿಟ್ಟುಕೊಂಡ ಮತ್ಸರ ಇವೆಲ್ಲ ಬೂದಿ. ಅದನ್ನು ಮೊದಲು ಎತ್ತಿ ಹೊರಗೆ ಹಾಕಬೇಕು. ನಿನ್ನೆಯ ಆಶೀರ್ವಾದದ ಅನುಭವವೂ ಒಂದು ರೀತಿಯಲ್ಲಿ ಬೂದಿಯೇ, ಚೆನ್ನಾಗಿ ಉರಿದದ್ದರ ಗುರುತು ಅದು, ಆದರೆ ಇಂದಿಗೆ ಅದರಿಂದ ಶಾಖವಿಲ್ಲ. ಆಮೇಲೆ ಇಂದಿನ ಸೌದೆ: ಒಂದು ವಾಕ್ಯಭಾಗ, ಒಂದು ಕೀರ್ತನೆ, ಕೆಲವು ಹೆಸರುಗಳು. ಇದನ್ನು ಮಾಡುವಾಗ ಯಾಜಕನ ಎದೆ ತುಂಬಿ ಬರುತ್ತಿತ್ತೋ ಇಲ್ಲವೋ ಯಾಜಕಕಾಂಡ ವಿಚಾರಿಸುವುದೇ ಇಲ್ಲ.

ಹೀಗೆ ಕುಳಿತವನಿಗೆ ಎದುರಾಗುವ ಮೊದಲ ತೊಂದರೆ ಅಲೆಯುವ ಮನಸ್ಸು. ಇದಕ್ಕೆ ಫೋನನ್ನು ದೂರುವುದು ಈಗಿನ ರೂಢಿ, ಅದರಲ್ಲಿ ನಿಜವೂ ಇದೆ. ನಾನು ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬರುತ್ತೇನೆ. ಆದರೆ ಫೋನಿಲ್ಲದ ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಇವಾಗ್ರಿಯಸ್ ಎಂಬ ಸನ್ಯಾಸಿ ಬರೆದದ್ದನ್ನು ಓದಿದರೆ ನಗು ಬರುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಸನ್ಯಾಸಿಯನ್ನು ಒಂದು ದುರಾತ್ಮ ಹಿಡಿಯುತ್ತದೆ ಎನ್ನುತ್ತಾರೆ ಅವರು. ಸೂರ್ಯ ಚಲಿಸುತ್ತಲೇ ಇಲ್ಲವೆಂದೂ ಹಗಲು ಐವತ್ತು ತಾಸು ಉದ್ದವಾಗಿದೆಯೆಂದೂ ಅವನಿಗೆ ತೋರುತ್ತದೆ. ಊಟದ ವೇಳೆ ಎಷ್ಟು ದೂರವಿದೆಯೆಂದು ಮತ್ತೆ ಮತ್ತೆ ಕಿಟಕಿಯಿಂದ ನೋಡುತ್ತಾನೆ. ಕಡೆಗೆ, ಎಲ್ಲಿಯಾದರೂ ಹೋಗಿ ರೋಗಿಗಳನ್ನು ಕಾಣುವುದು ಇದಕ್ಕಿಂತ ಪುಣ್ಯದ ಕೆಲಸವಲ್ಲವೇ ಎಂಬ ವಿಚಾರ ಹುಟ್ಟುತ್ತದೆ. ಆ ಕೊನೆಯ ಉಪಾಯ ನನಗೆ ಚೆನ್ನಾಗಿ ಗೊತ್ತು. ಪ್ರಾರ್ಥನೆಗೆ ಕುಳಿತಾಗಲೇ ಯಾರಿಗೋ ಮಾಡಬೇಕಾದ ಉಪಕಾರವೊಂದು ನನಗೆ ತಪ್ಪದೆ ನೆನಪಾಗುತ್ತದೆ.

19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಗೇ ಹೆಸರಾದವರು. ಅಂಥವರು ಕೂಡ ಎದ್ದ ತಕ್ಷಣ ಪ್ರಾರ್ಥನೆಗೆ ಕುಳಿತರೆ ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಮನಸ್ಸು ಅಲೆಯುತ್ತಿತ್ತೆಂದು 1841ರಲ್ಲಿ ಒಪ್ಪಿಕೊಂಡು ಬರೆದರು. ಅವರು ಕಂಡುಕೊಂಡ ದಾರಿ ಸರಳ: ಪ್ರಾರ್ಥನೆಯಿಂದ ಆರಂಭಿಸದೆ ವಾಕ್ಯದಿಂದ ಆರಂಭಿಸಿದರು. ವಚನವನ್ನು ನಿಧಾನವಾಗಿ ಧ್ಯಾನಿಸುತ್ತ ಹೋದಂತೆ ಅದು ತಾನಾಗಿಯೇ ಪಾಪದ ಅರಿಕೆಯಾಗಿಯೋ ಸ್ತೋತ್ರವಾಗಿಯೋ ವಿಜ್ಞಾಪನೆಯಾಗಿಯೋ ತಿರುಗುತ್ತಿತ್ತು. ನಾನು ಇದನ್ನು ಪರೀಕ್ಷಿಸಿ ನೋಡಿದ್ದೇನೆ. ಮಾತನ್ನು ನಾನೇ ಆರಂಭಿಸಬೇಕೆಂದಾಗ ನನಗೆ ಹೇಳಲು ಇರುವುದು ನಾಲ್ಕೇ ವಾಕ್ಯ, ಅವೂ ನಿನ್ನೆಯವೇ. ಆತನು ಮೊದಲು ಮಾತಾಡಲಿ ಎಂದು ಬಿಟ್ಟರೆ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ.

ಜರ್ಮನಿಯ ಸಭಾಸುಧಾರಕ ಲೂಥರ್ 1535ರಲ್ಲಿ ತಮ್ಮ ಕ್ಷೌರಿಕ ಪೇತರ್ ಎಂಬವನಿಗೆ ಪ್ರಾರ್ಥನೆ ಹೇಗೆ ಮಾಡಬೇಕೆಂದು ಬರೆದುಕೊಟ್ಟ ಉಪದೇಶವೂ ಇದೇ ದಾರಿಯದು. ಒಳ್ಳೆಯ ಕ್ಷೌರಿಕನು ಕತ್ತಿಯ ಮೇಲೂ ಕೂದಲಿನ ಮೇಲೂ ಕಣ್ಣಿಟ್ಟಿರಬೇಕು, ಹರಟುತ್ತ ಮನಸ್ಸನ್ನು ಬೇರೆ ಕಡೆ ಬಿಟ್ಟರೆ ಗಿರಾಕಿಯ ಮೂಗನ್ನೋ ಗಂಟಲನ್ನೋ ಕೊಯ್ದಾನು, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದು ಅವನ ಕಸುಬಿನಿಂದಲೇ ಅವರು ತಿಳಿಸುತ್ತಾರೆ. ಆಜ್ಞೆಗಳಲ್ಲಿ ಒಂದನ್ನು ಎತ್ತಿಕೊಂಡು ಅದು ಏನು ಕಲಿಸುತ್ತದೆ, ಅದರಲ್ಲಿ ಯಾವುದಕ್ಕಾಗಿ ಕೃತಜ್ಞನಾಗಬೇಕು, ಯಾವುದನ್ನು ಅರಿಕೆ ಮಾಡಬೇಕು, ಏನನ್ನು ಬೇಡಬೇಕು ಎಂದು ನಾಲ್ಕು ಎಳೆಗಳನ್ನಾಗಿ ಬಿಡಿಸುವ ಕ್ರಮವನ್ನು ಹೇಳಿಕೊಡುತ್ತಾರೆ. ಹೇಳಿಕೊಟ್ಟ ಮೇಲೆ, ನಡುವೆ ಎಲ್ಲಿಯಾದರೂ ಪವಿತ್ರಾತ್ಮನು ಹೃದಯದಲ್ಲಿ ಮಾತಾಡತೊಡಗಿದರೆ ಈ ಕ್ರಮವನ್ನೆಲ್ಲ ಬಿಟ್ಟು ಸುಮ್ಮನೆ ಕೇಳು ಎನ್ನುತ್ತಾರೆ. ‘ಸ್ವಲ್ಪ ತಡಿ, ಈ ಕೆಲಸವೊಂದನ್ನು ಮುಗಿಸಿ ಒಂದು ಗಂಟೆಯಲ್ಲಿ ಪ್ರಾರ್ಥಿಸುತ್ತೇನೆ’ ಎಂಬ ಯೋಚನೆಯ ವಿಷಯದಲ್ಲಿ ಎಚ್ಚರವಿರಲಿ ಎಂದೂ ಹೇಳುತ್ತಾರೆ. ಸುಮಾರು ಐನೂರು ವರ್ಷ ಕಳೆದರೂ ಆ ‘ಒಂದು ಗಂಟೆ’ ಇನ್ನೂ ಮುಗಿದಿಲ್ಲ.

ಓದುವುದನ್ನು ನಾನು ಈಗ ಬಾಯಿಬಿಟ್ಟು ಓದುತ್ತೇನೆ. ಒಂದನೆಯ ಕೀರ್ತನೆಯಲ್ಲಿ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನು ಎಂಬಲ್ಲಿ ‘ಧ್ಯಾನಿಸು’ ಎಂಬುದಕ್ಕೆ ಇರುವ ‘ಹಾಗಾ’ ಎಂಬ ಇಬ್ರಿಯ ಪದವನ್ನೇ ಯೆಶಾಯನು ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ ನರಳುವ ಪಾರಿವಾಳಕ್ಕೂ ಬಳಸುತ್ತಾನೆ. ಕಣ್ಣು ಮುಚ್ಚಿ ಮೌನವಾಗಿ ಕುಳಿತವನ ಚಿತ್ರವಲ್ಲ ಇದು; ಒಂದೇ ಮಾತನ್ನು ಗೊಣಗುತ್ತ, ಮೆಲುಕು ಹಾಕುತ್ತ ಇರುವವನ ಚಿತ್ರ. ಹಾಗೆ ಓದುವಾಗ ದಿನಕ್ಕೆ ನಾಲ್ಕು ಅಧ್ಯಾಯ ಸಾಗುವುದಿಲ್ಲ. ಒಂದು ಅಧ್ಯಾಯವೂ ಕೆಲವು ದಿನ ಸಾಗುವುದಿಲ್ಲ.

ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಕಿರಿಯರು ನನ್ನನ್ನು ಕೇಳುವುದುಂಟು. ನನ್ನದು ಹದಿನೈದು ಇಪ್ಪತ್ತು ನಿಮಿಷ ಎಂದರೆ ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಕಾಣುತ್ತದೆ. ಆರನೆಯ ಶತಮಾನದಲ್ಲಿ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಹಾಡಿ ಮುಗಿಸುವಂತೆ ತಮ್ಮ ಮಠವಾಸಿಗಳಿಗೆ ಕಟ್ಟಳೆ ಮಾಡಿದ ಬೆನೆಡಿಕ್ಟರೇ, ಪ್ರಾರ್ಥನೆಯು ಚಿಕ್ಕದಾಗಿಯೂ ಶುದ್ಧವಾಗಿಯೂ ಇರಲಿ, ದೇವರ ಕೃಪೆಯ ಪ್ರೇರಣೆಯಿಂದ ದೀರ್ಘವಾದರೆ ಮಾತ್ರ ಆಗಲಿ ಎಂದು ಬರೆದಿದ್ದಾರೆ. ಈಜಿಪ್ಟಿನ ಸಹೋದರರು ಬಾಣ ಬಿಟ್ಟಂತೆ ಬಹಳ ಚಿಕ್ಕ ಪ್ರಾರ್ಥನೆಗಳನ್ನು ಮೇಲಿಂದ ಮೇಲೆ ಮಾಡುತ್ತಾರಂತೆ ಎಂದು ಅಗಸ್ಟೀನರು ಪ್ರೊಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಮೆಚ್ಚಿಕೊಳ್ಳುತ್ತಾರೆ. ಆರಂಭಿಸುವವನು ತಾನು ಸೋಲಲಾರದಷ್ಟು ಚಿಕ್ಕದನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ: ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಮೂವರ ಹೆಸರು. ಜ್ವರ ಬಂದ ದಿನವೂ ಮಾಡಬಹುದಾದದ್ದು ಬಹಳ ವರ್ಷ ಉಳಿಯುತ್ತದೆ.

ಓದುವ ಪಟ್ಟಿಗಳನ್ನು ನಾನು ಹಳಿಯುತ್ತಿಲ್ಲ. ಅವುಗಳಲ್ಲಿ ಬಹಳ ಪ್ರಸಿದ್ಧವಾದದ್ದನ್ನು 1842ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಶೇನ್ ತಮ್ಮ ಸಭೆಯವರಿಗಾಗಿ ತಯಾರಿಸಿದರು; ಹಳೆಯ ಒಡಂಬಡಿಕೆಯನ್ನು ಒಮ್ಮೆ, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಎರಡು ಸಲ ಒಂದೇ ವರ್ಷದಲ್ಲಿ ಓದುವ ಕ್ರಮವದು. ಮರುವರ್ಷವೇ, ಇನ್ನೂ 29ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಪಟ್ಟಿಯ ಜೊತೆಗೆ ಅದರ ಅಪಾಯಗಳನ್ನೂ ಅವರೇ ಬರೆದಿಟ್ಟಿದ್ದಾರೆ: ಓದು ಬರಿಯ ಆಚಾರವಾಗಬಹುದು, ದಿನದ ಪಾಲು ಮುಗಿಸಿದವನಲ್ಲಿ ಸ್ವನೀತಿಯ ಹೆಮ್ಮೆ ಹುಟ್ಟಬಹುದು, ಗಡಿಬಿಡಿಯಲ್ಲಿ ಗಮನವಿಲ್ಲದೆ ಓದಬಹುದು, ಕೆಲವರಿಗೆ ಅದು ಹೊರಲಾರದ ನೊಗವಾಗಬಹುದು. ನಾನು ಪಟ್ಟಿಯನ್ನು ಮಾಡಿಕೊಂಡೆ, ಎಚ್ಚರಿಕೆಯನ್ನು ಓದಲಿಲ್ಲ. ನಾಲ್ಕು ಅಪಾಯಗಳಿಗೂ ಒಂದೇ ತಿಂಗಳಲ್ಲಿ ಸಿಕ್ಕಿಬಿದ್ದೆ.

ಎಳೆಯ ಮಗುವಿನ ತಾಯಿಗೆ, ರಾತ್ರಿ ಪಾಳಿಯಲ್ಲಿ ದುಡಿಯುವವನಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳಿಗೆ ಮುಂಜಾನೆಯ ನಿಶ್ಶಬ್ದವನ್ನು ಬೋಧಿಸುವುದು ಕ್ರೂರತನ. ಅಂಥವರಿಗೆ 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತ, ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿ ಬಾಳಿದ ಸಹೋದರ ಲಾರೆನ್ಸರ ಉದಾಹರಣೆ ಕೊಡುವುದುಂಟು. ಅದು ಒಳ್ಳೆಯ ಉದಾಹರಣೆಯೇ. ಆದರೆ ಸಮಯವಿದ್ದೂ ಮನಸ್ಸಿಲ್ಲದ ನಮ್ಮಂಥವರು ಅವರ ಹೆಸರನ್ನು ನೆಪವಾಗಿ ಹಿಡಿದಾಗ, ಅವರ ಅಡುಗೆಮನೆಯು ದಿನಕ್ಕೆ ಹಲವು ಬಾರಿ ಪ್ರಾರ್ಥನೆಯ ಗಂಟೆ ಬಾರಿಸುತ್ತಿದ್ದ ಮಠದೊಳಗೆ ಇತ್ತೆಂಬುದನ್ನು ಮರೆಯುತ್ತೇವೆ.

ತಂದೆಯವರು ತೀರಿಕೊಂಡ ನಂತರದ ತಿಂಗಳುಗಳಲ್ಲಿ ನನಗೆ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಆಗಲೇ ಇಲ್ಲ. ದಿನಕ್ಕೊಂದು ಕೀರ್ತನೆಯನ್ನು ಓದಿ ಮುಚ್ಚಿಡುತ್ತಿದ್ದೆ, ಅಷ್ಟೇ. ಸರದಿಯಂತೆ ಒಂದು ದಿನ 88ನೆಯ ಕೀರ್ತನೆ ಬಂದಿತು. ಸಾಮಾನ್ಯವಾಗಿ ಶೋಕಗೀತಗಳು ಕಡೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ; ಇದು ತಿರುಗುವುದಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಹಗಲಿರುಳು ಮೊರೆಯಿಟ್ಟರೂ ಉತ್ತರ ಕಾಣದವನ ಹಾಡನ್ನು ದೇವಜನರು ತಮ್ಮ ಆರಾಧನೆಯ ಪುಸ್ತಕದಿಂದ ತೆಗೆದುಹಾಕಲಿಲ್ಲ ಎಂಬುದು ಆ ದಿನ ನನಗೆ ದೊಡ್ಡ ಸಾಂತ್ವನವಾಗಿತ್ತು. ಹೇಗೆ ಬೇಡಿಕೊಳ್ಳಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ನಾನು ಎಷ್ಟೋ ಸಲ ಬೇರೆಯವರಿಗೆ ವಿವರಿಸಿದ್ದೆ. ಪುಟ ತಿರುವುವುದನ್ನು ಬಿಟ್ಟರೆ ನನ್ನಿಂದ ಇನ್ನೇನೂ ಆಗದ ಆ ದಿನಗಳಲ್ಲಿ ಅದು ನನ್ನ ಪರವಾಗಿ ನಡೆಯುತ್ತಿತ್ತೆಂದು ನಂಬುತ್ತೇನೆ.

ನಾಚಿಕೆಯ ಸಂಗತಿಯೊಂದನ್ನೂ ಹೇಳಬೇಕು. ಪುನಃ ಕ್ರಮಕ್ಕೆ ಬಂದ ಹೊಸದರಲ್ಲಿ, ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುತ್ತಿದ್ದಾಗ ತಾಯಿಯವರು ಏನನ್ನೋ ಕೇಳಲು ಬಾಗಿಲು ತಟ್ಟಿದರು. ನಾನು ಒಳಗಿನಿಂದಲೇ ಗದರಿದೆ. ಮೊಣಕಾಲಿನ ಮೇಲೆ ಇದ್ದುಕೊಂಡೇ ಗದರಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಎಂದ ಯೇಸುವಿನ ಮಾತು ಆಗ ಎಷ್ಟು ನೇರವಾಗಿ ಚುಚ್ಚಿತೆಂದರೆ, ‘ಆಮೆನ್’ ಎನ್ನದೆಯೇ ಎದ್ದು ಬಾಗಿಲು ತೆರೆದೆ. ತಾಯಿಯವರು ತಮ್ಮ ಕನ್ನಡಕ ಕಾಣದೆ, ನನ್ನದು ಎಲ್ಲಿದೆಯೆಂದು ಕೇಳಲು ಬಂದಿದ್ದರು. ಗಂಡಂದಿರು ಹೆಂಡತಿಯರಿಗೆ ಮಾನ ಸಲ್ಲಿಸದಿದ್ದರೆ ಅವರ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ ಎಂದು ಪೇತ್ರನು ಬರೆಯುತ್ತಾನೆ. ಮನೆಯವರನ್ನು ಪ್ರಾರ್ಥನೆಗೆ ಅಡ್ಡಿಯೆಂದು ಎಣಿಸುವ ನಮಗೆ ಅವನ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಸ್ನಾನಿಕನಾದ ಯೋಹಾನನ ಸಾವಿನ ಸುದ್ದಿ ಕೇಳಿ ಯೇಸು ಒಬ್ಬನೇ ನಿರ್ಜನ ಸ್ಥಳಕ್ಕೆ ಹೊರಟಾಗ ಜನರು ಕಾಲುನಡಿಗೆಯಲ್ಲಿ ಹಿಂಬಾಲಿಸಿದರು. ಆತನು ಗದರಲಿಲ್ಲ, ಕನಿಕರಪಟ್ಟು ಅವರ ರೋಗಿಗಳನ್ನು ಸ್ವಸ್ಥಮಾಡಿದನು, ಅವರಿಗೆ ಊಟಕ್ಕೂ ಇಟ್ಟನು; ಕಳೆದುಹೋದ ಏಕಾಂತವನ್ನು ಮಾತ್ರ ಬಿಟ್ಟುಕೊಡದೆ, ಅವರನ್ನೆಲ್ಲ ಕಳುಹಿಸಿದ ಮೇಲೆ ಸಂಜೆ ಬೆಟ್ಟವನ್ನೇರಿದನು.

ರಾತ್ರಿಯ ಪ್ರಾರ್ಥನೆಯ ಬಗ್ಗೆ ಹೆಚ್ಚು ಹೇಳಲಾರೆ, ಅದು ನನ್ನಲ್ಲಿ ಬಹಳ ಬಡವಾಗಿದೆ. ದಿನವನ್ನು ಬೆಳಗಿನಿಂದ ಮೆಲ್ಲನೆ ನೆನೆದು, ಕೊನೆಗೆ 31ನೆಯ ಕೀರ್ತನೆಯ ಐದನೆಯ ವಚನದಂತೆ ಆತ್ಮವನ್ನು ಆತನ ಕೈಗೆ ಒಪ್ಪಿಸುವುದು ಕ್ರಮ. ಯೇಸು ಶಿಲುಬೆಯ ಮೇಲೆ ಆಡಿದ ಆ ಮಾತಿನಿಂದಲೇ ಪಶ್ಚಿಮದ ಸಭೆಯ ರಾತ್ರಿಯ ಪ್ರಾರ್ಥನೆಯು ಶತಮಾನಗಳಿಂದ ದಿನವನ್ನು ಮುಗಿಸುತ್ತ ಬಂದಿದೆ. ನಾನು ಸಾಮಾನ್ಯವಾಗಿ ಮಧ್ಯಾಹ್ನದ ನೆನಪಿಗೆ ಬರುವಷ್ಟರಲ್ಲಿ ನಿದ್ದೆಹೋಗಿರುತ್ತೇನೆ.

ಯಾಜಕಕಾಂಡದ ಹದಿಮೂರನೆಯ ಅಧ್ಯಾಯವನ್ನು ನಾನು ಕಡೆಗೂ ಓದಿದೆ, ಪಟ್ಟಿ ನಿಂತುಹೋಗಿ ಐದು ವರ್ಷಗಳಾದ ಮೇಲೆ. ಕುಷ್ಠವುಳ್ಳವನು ಹರಿದ ಬಟ್ಟೆಯುಟ್ಟು, ಬಾಯಿ ಮುಚ್ಚಿಕೊಂಡು, ‘ನಾನು ಅಶುದ್ಧನು, ಅಶುದ್ಧನು’ ಎಂದು ಕೂಗುತ್ತ ಪಾಳೆಯದ ಹೊರಗೆ ಪ್ರತ್ಯೇಕವಾಗಿ ವಾಸಿಸಬೇಕು ಎಂಬ ವಚನದಲ್ಲಿ ಓದು ನಿಂತಿತು. ಅದೇ ದಿನ ಸುವಾರ್ತೆಯ ಪಾಲಾಗಿ ಬಂದದ್ದು ಮಾರ್ಕನ ಮೊದಲನೆಯ ಅಧ್ಯಾಯದ ಕೊನೆಯ ಭಾಗ, ಇದನ್ನು ನಾನು ಯೋಜಿಸಿರಲಿಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಆ ಮುಂಜಾನೆಯ ಕಥೆಯ ಬೆನ್ನಿಗೇ ಒಬ್ಬ ಕುಷ್ಠರೋಗಿ ಬಂದು ಮೊಣಕಾಲೂರುತ್ತಾನೆ. ಯೇಸು ಅವನನ್ನು ಮುಟ್ಟಿ ಗುಣಪಡಿಸಿ, ಹೋಗಿ ಯಾಜಕನಿಗೆ ಮೈ ತೋರಿಸು, ಮೋಶೆ ಆಜ್ಞಾಪಿಸಿದ್ದನ್ನು ಅರ್ಪಿಸು ಎನ್ನುತ್ತಾನೆ. ಮೋಶೆಯ ಆ ಆಜ್ಞೆಯಿರುವುದು ಯಾಜಕಕಾಂಡದ ಹದಿನಾಲ್ಕರಲ್ಲಿ, ನನ್ನ ಮುಂದಿನ ಚೌಕದಲ್ಲಿ. ಗುಣವಾದವನು ಸುದ್ದಿಯನ್ನು ಎಲ್ಲೆಡೆ ಸಾರಿದ್ದರಿಂದ ಯೇಸು ಬಹಿರಂಗವಾಗಿ ಊರೊಳಗೆ ಹೋಗಲಾರದೆ ಹೊರಗೆ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಯಿತು. ಹೊರಗಿದ್ದವನು ಒಳಗೆ ಹೋದನು, ಮುಟ್ಟಿದಾತನು ಹೊರಗೆ ಉಳಿದನು. ಮುಂಜಾನೆ ಪ್ರಾರ್ಥಿಸಿದ ಸ್ಥಳಕ್ಕೆ ಮಾರ್ಕನು ಬಳಸಿದ ‘ನಿರ್ಜನ’ ಎಂಬ ಪದವನ್ನೇ ಇಲ್ಲಿಯೂ ಬಳಸಿದ್ದಾನೆ.

ಆ ದಿನ ಹದಿನಾಲ್ಕನೆಯ ಅಧ್ಯಾಯಕ್ಕೆ ನಾನು ಹೋಗಲಿಲ್ಲ. ಹಾಳೆಯನ್ನು ಬಿಚ್ಚಿ, ಹದಿಮೂರರ ಖಾಲಿ ಚೌಕವನ್ನು ನೋಡಿ, ಗುರುತು ಹಾಕದೆ ಮಡಚಿಟ್ಟೆ.